ನೀರಿನ ಕೆಲಸಕ್ಕೆ ಕಾಯಿದೆಯ ಹಣ: ಮಹಾರಾಷ್ಟ್ರದ ಉದ್ಯೋಗ ಖಾತ್ರಿ ನಿಧಿ

(ರೈತ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣದ ಪಠ್ಯ)



ರಾಜ್ಯದ ಆಯವ್ಯಯ ಪತ್ರ ಮಂಡನೆಯಾದ ಮರುದಿನ ಪತ್ರಿಕೆ ಬಿಡಿಸಿದ ರೈತನು ಮೊದಲು ಹುಡುಕುವುದು ಅಂಕಿಗಳನ್ನು. ಕೆರೆಗೆ ಎಷ್ಟು ಕೋಟಿ, ಬದುವಿಗೆ ಎಷ್ಟು, ಗಿಡ ನೆಡಲು ಎಷ್ಟು? ಅಂಕಿ ದೊಡ್ಡದಿದ್ದರೆ ಸಮಾಧಾನ, ಸಣ್ಣದಿದ್ದರೆ ಬೇಸರ. ಆದರೆ ಆ ಹಣ ಯಾವ ಮೂಲದಿಂದ ಬರುತ್ತದೆ, ಯಾವ ತಾರೀಖಿಗೆ ಮುಗಿದುಹೋಗುತ್ತದೆ, ಅದನ್ನು ಕೇಳಿ ಪಡೆಯುವ ಹಕ್ಕು ಯಾರಿಗಿದೆ, ಒಡ್ಡು ಕಟ್ಟಿದ ಮೇಲೆ ಅದರ ದುರಸ್ತಿಗೆಂದು ಬಿಡಿಗಾಸಾದರೂ ಇದೆಯೇ ಎಂದು ವಿಚಾರಿಸುವವರು ಕಡಿಮೆ. ಹಳ್ಳದಲ್ಲಿ ನೀರು ನಿಲ್ಲುವುದು ಬಹುಮಟ್ಟಿಗೆ ಈ ಪ್ರಶ್ನೆಗಳ ಉತ್ತರವನ್ನೇ ಅವಲಂಬಿಸಿರುತ್ತದೆ. ಇದನ್ನು ತಿಳಿಯಲು ನೆರೆಯ ಮಹಾರಾಷ್ಟ್ರದ ಉದ್ಯೋಗ ಖಾತ್ರಿ ಯೋಜನೆಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಅದಕ್ಕೆ ಮೊದಲು ಆಯವ್ಯಯದ ರೀತಿಯನ್ನು ಸ್ವಲ್ಪದರಲ್ಲಿ ತಿಳಿಯುವುದು ಅವಶ್ಯಕ. ಸಂವಿಧಾನದ 202ನೆಯ ಅನುಚ್ಛೇದದಂತೆ ಸರ್ಕಾರವು ಪ್ರತಿ ವರ್ಷದ ಅಂದಾಜು ಆದಾಯ ಮತ್ತು ವೆಚ್ಚವನ್ನು ಶಾಸನಸಭೆಯ ಮುಂದಿಡುತ್ತದೆ. ಇಲಾಖೆಗಳ ಅನುದಾನ ಬೇಡಿಕೆಗಳಿಗೆ ವಿಧಾನಸಭೆ ಮತ ನೀಡುತ್ತದೆ. ಬಳಿಕ ಧನವಿನಿಯೋಗ ವಿಧೇಯಕ ಅಂಗೀಕಾರವಾಗಬೇಕು. ಅದಾಗದೆ ಸಂಚಿತ ನಿಧಿಯಿಂದ ಒಂದು ರೂಪಾಯಿಯನ್ನೂ ತೆಗೆಯುವಂತಿಲ್ಲ. ಹೀಗೆ ಮಂಜೂರಾದ ಹಣದ ಆಯುಸ್ಸು ಒಂದೇ ವರ್ಷ. ಮಾರ್ಚ್ 31ರೊಳಗೆ ಖರ್ಚಾಗದೆ ಉಳಿದದ್ದು ಲ್ಯಾಪ್ಸ್ ಆಗುತ್ತದೆ.

ಲೆಕ್ಕದ ದೃಷ್ಟಿಯಿಂದ ಈ ಕ್ರಮ ಸರಿಯೇ. ಮಣ್ಣು ನೀರಿನ ಕೆಲಸಕ್ಕೆ ಮಾತ್ರ ಇದು ಒಗ್ಗುವುದಿಲ್ಲ. ಬಯಲುಸೀಮೆಯಲ್ಲಿ ಹಿಂಗಾರಿ ಜೋಳದ ಕೊಯ್ಲು ಮುಗಿದು ಆಳುಗಳ ಕೈ ಬಿಡುವಾಗುವುದು ಫೆಬ್ರವರಿ ಮಾರ್ಚ್ ತಿಂಗಳಲ್ಲಿ. ಹೊಲ ಖಾಲಿ ಇರುತ್ತದೆ, ಹಳ್ಳ ಒಣಗಿರುತ್ತದೆ, ಮಣ್ಣು ಅಗೆಯಲು ಜೂನ್ ಮಳೆಯವರೆಗೆ ಅವಕಾಶವಿರುತ್ತದೆ. ಸರ್ಕಾರದ ವರ್ಷ ಆ ಹಂಗಾಮಿನ ನಡುವೆಯೇ ಮುಗಿದುಬಿಡುತ್ತದೆ! ಮಾರ್ಚ್ ಕೊನೆಯ ವಾರದಲ್ಲಿ ಅವಸರದ ಬಿಲ್ಲುಗಳು, ಏಪ್ರಿಲ್‌ನಲ್ಲಿ ಹೊಸ ಆದೇಶಕ್ಕಾಗಿ ಕಾಯುವುದು, ಮೇ ತಿಂಗಳಲ್ಲಿ ಅರ್ಧ ಕಟ್ಟಿದ ಏರಿ, ಜೂನ್‌ನಲ್ಲಿ ಮೊದಲ ದೊಡ್ಡ ಮಳೆಗೆ ಅದೂ ಕೊಚ್ಚಿಹೋಗುವುದು. ಇಂಥ ಏರಿಯನ್ನು ನೋಡದ ಕ್ಷೇತ್ರ ಸಹಾಯಕರು ಇರಲಾರರು.

ಬರಗಾಲ ಕಲಿಸಿದ್ದು

ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬ ಗಾದೆ ಬರ ಪರಿಹಾರ ಕಾಮಗಾರಿಗಳಿಗೆ ಚೆನ್ನಾಗಿ ಒಪ್ಪುತ್ತದೆ. ಮಹಾರಾಷ್ಟ್ರದಲ್ಲಿ 1970ರಿಂದ ಮಳೆ ಸತತವಾಗಿ ಕೈಕೊಟ್ಟು, 1972-73ರಲ್ಲಿ ಬರ ತೀವ್ರವಾಯಿತು. ವಿಜಾಪುರ, ಕಲಬುರ್ಗಿಗಳ ಕಡೆಯ ಹಿರಿಯರಿಗೂ ಆ ಬರ ನೆನಪಿರಬಹುದು. 1973ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಪರಿಹಾರ ಕಾಮಗಾರಿಗಳ ಮೇಲೆ ದಿನಕ್ಕೆ ಸುಮಾರು 50 ಲಕ್ಷ ಜನ ದುಡಿಯುತ್ತಿದ್ದರು. ಕೆಲಸ ಕೊಟ್ಟದ್ದರಿಂದ ಜನ ಉಳಿದರು. ಇದು ಸಣ್ಣ ಮಾತಲ್ಲ. ಆದರೆ ಆ ಕೆಲಸದಲ್ಲಿ ಬಹಳಷ್ಟು ರಸ್ತೆಗೆ ಜಲ್ಲಿ ಒಡೆಯುವುದಾಗಿತ್ತು. ದಾರಿಯ ಬದಿಯಲ್ಲಿ ಒಡೆದ ಕಲ್ಲಿನ ಗುಡ್ಡೆಗಳು ಬಿದ್ದಿದ್ದವು, ಊರ ಬಾವಿ ಮಾತ್ರ ಒಣಗಿಯೇ ಇತ್ತು. ಇಷ್ಟು ಜನರ ತೋಳ್ಬಲ ಹಳ್ಳಕ್ಕೆ ಒಡ್ಡು ಹಾಕಲು, ಇಳಿಜಾರಿಗೆ ಬದು ಹಾಕಲು ಬಳಕೆಯಾಗಿದ್ದರೆ ಎಂಬ ಪ್ರಶ್ನೆ ಕೂಲಿಕಾರರ ನಡುವೆಯೇ ಎದ್ದಿತು.

ಈ ಪ್ರಶ್ನೆಗೆ ಉತ್ತರ ಮೊದಲೇ ಸಣ್ಣ ಪ್ರಮಾಣದಲ್ಲಿ ಸಿದ್ಧವಾಗಿತ್ತು. ಮಹಾರಾಷ್ಟ್ರ ವಿಧಾನ ಪರಿಷತ್ತಿನ ಸಭಾಪತಿಗಳಾಗಿದ್ದ ವಿ. ಸ. ಪಾಗೆ ಅವರು 1960ರ ದಶಕದಲ್ಲಿ ಸಾಂಗ್ಲಿ ಜಿಲ್ಲೆಯ ತಾಸಗಾಂವ್ ತಾಲ್ಲೂಕಿನಲ್ಲಿ, ಕೆಲಸ ಕೇಳಿದವರಿಗೆಲ್ಲ ಕೆಲಸ ಕೊಟ್ಟು ಅದರಿಂದ ಊರಿನ ಭೂಮಿಯನ್ನು ಸುಧಾರಿಸುವ ಪ್ರಯೋಗಕ್ಕೆ ಪ್ರೇರಕರಾಗಿದ್ದರು. ಮುಖ್ಯಮಂತ್ರಿ ವಸಂತರಾವ್ ನಾಯಕರ ಸರ್ಕಾರ 1972ರಲ್ಲಿ ಇದನ್ನು ರಾಜ್ಯದ ಯೋಜನೆಯಾಗಿ ಒಪ್ಪಿಕೊಂಡಿತು. 1977ರಲ್ಲಿ ಶಾಸನಸಭೆ ಇದಕ್ಕೆ ಕಾಯಿದೆಯ ರೂಪ ಕೊಟ್ಟಿತು. ಕಾಯಿದೆ ಜಾರಿಗೆ ಬಂದದ್ದು 1979ರ ಜನವರಿ 26ರಂದು.

ಕಾಯಿದೆಯ ತಿರುಳು ಸರಳವಾದದ್ದು. ಗ್ರಾಮೀಣ ಪ್ರದೇಶದ 18 ವರ್ಷ ಮೀರಿದ ಯಾರೇ ಆಗಲಿ ಅಕುಶಲ ಕೆಲಸ ಮಾಡಲು ಸಿದ್ಧರಿದ್ದು ಅರ್ಜಿ ಕೊಟ್ಟರೆ, 15 ದಿನಗಳೊಳಗೆ ಕೆಲಸ ಕೊಡಬೇಕು. ಕೊಡಲಾಗದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು. ಭತ್ಯೆ ದಿನಕ್ಕೆ ಒಂದು ರೂಪಾಯಿಯಷ್ಟೇ ಆಗಿದ್ದರೂ, ಕೊಡಲೇಬೇಕೆಂಬ ಮಾತಿಗೆ ಬೆಲೆಯಿತ್ತು. ವೆಚ್ಚದಲ್ಲಿ ಶೇ. 60ಕ್ಕೆ ಕಡಿಮೆಯಿಲ್ಲದ ಭಾಗ ಅಕುಶಲ ಕೂಲಿಗೇ ಹೋಗಬೇಕು. ಆದ್ದರಿಂದ ಸಿಮೆಂಟು, ಯಂತ್ರ ಹೆಚ್ಚು ಬೇಡುವ ಕೆಲಸಗಳು ತಾವಾಗಿಯೇ ಹಿಂದೆ ಸರಿದು, ಬದು, ನಾಲಾ ಒಡ್ಡು, ಜಿನುಗು ಕೆರೆ, ಕಾಲುವೆ ಅಗೆತ, ಗಿಡ ನೆಡುವುದು ಮೊದಲಾದವು ಮುಂದೆ ಬಂದವು. 1983ರಲ್ಲಿ ಇವನ್ನೆಲ್ಲ ಬಿಡಿಬಿಡಿಯಾಗಿ ಮಾಡದೆ ಗುಡ್ಡದ ತಲೆಯಿಂದ ಹಳ್ಳದವರೆಗೆ ಒಂದು ಜಲಾನಯನವಾಗಿ ಮಾಡುವ ಕಾರ್ಯಕ್ರಮವೂ ಈ ಹಣದಲ್ಲೇ ಆರಂಭವಾಯಿತು.

ಪಟ್ಟಣದ ತೆರಿಗೆ, ಹಳ್ಳಿಯ ಒಡ್ಡು

ಇಲ್ಲಿ ಮುಖ್ಯವಾಗಿ ಗಮನಿಸಬೇಕಾದದ್ದು ಹಣದ ಮೂಲ. ಕೇಳಿದವರಿಗೆಲ್ಲ ಕೆಲಸ ಎಂದು ಕಾಯಿದೆಯಲ್ಲಿ ಬರೆದು, ಹಣವನ್ನು ವರ್ಷ ವರ್ಷದ ಕೃಪೆಗೆ ಬಿಟ್ಟಿದ್ದರೆ ಆ ಕಾಯಿದೆ ಕಾಗದದಲ್ಲೇ ಉಳಿಯುತ್ತಿತ್ತು. ಮಹಾರಾಷ್ಟ್ರ ಹಾಗೆ ಮಾಡಲಿಲ್ಲ. ಸಂಬಳದಾರರು, ವ್ಯಾಪಾರಿಗಳು, ವಕೀಲರು, ವೈದ್ಯರು ಮೊದಲಾದವರ ಮೇಲೆ 1975ರ ಕಾಯಿದೆಯಿಂದ ವೃತ್ತಿ ತೆರಿಗೆ ವಿಧಿಸಿ ಅದನ್ನು ಈ ಯೋಜನೆಗೆಂದು ಮೀಸಲಿಟ್ಟಿತು. ಇದರೊಡನೆ ಮೋಟಾರು ವಾಹನ ತೆರಿಗೆ ಮತ್ತು ಮಾರಾಟ ತೆರಿಗೆಯ ಮೇಲಿನ ಹೆಚ್ಚುವರಿ, ಪಟ್ಟಣಗಳ ವಾಸೇತರ ಕಟ್ಟಡಗಳ ಮೇಲಿನ ಕರ, ನೀರಾವರಿ ಜಮೀನಿನ ಮೇಲಿನ ವಿಶೇಷ ಕರ ಇವೂ ಸೇರಿದವು. ಹೀಗೆ ಕೂಡಿದ ಮೊತ್ತಕ್ಕೆ ಸಮನಾದ ಇನ್ನೊಂದು ಪಾಲನ್ನು ಸರ್ಕಾರ ತನ್ನ ಬೊಕ್ಕಸದಿಂದ ಹಾಕಬೇಕು. ಎರಡೂ ಸೇರಿ ಉದ್ಯೋಗ ಖಾತ್ರಿ ನಿಧಿ.

ವೃತ್ತಿ ತೆರಿಗೆಯ ಬಹುಭಾಗ ಬಂದದ್ದು ಮುಂಬಯಿಯಿಂದ. ಕಚೇರಿಯ ಗುಮಾಸ್ತೆಯ ಸಂಬಳದಲ್ಲಿ ತಿಂಗಳಿಗೆ ಕಡಿತವಾದ ಕೆಲವು ರೂಪಾಯಿ, ಬೀಡ್ ಜಿಲ್ಲೆಯ ಭೂಹೀನ ಹೆಣ್ಣುಮಗಳೊಬ್ಬಳು ಹೊತ್ತ ಮಣ್ಣಿನ ಬುಟ್ಟಿಯ ಕೂಲಿಯಾಗುತ್ತಿತ್ತು. ಕಾಲುವೆಯ ನೀರುಂಡ ಕಬ್ಬಿನ ರೈತನೂ ಮಳೆಯಾಶ್ರಿತ ರೈತನ ಬದುವಿಗೆ ಪಾಲು ಕೊಡುತ್ತಿದ್ದ. ಪಟ್ಟಣದ ತೆರಿಗೆದಾರರು ಇದನ್ನು ಒಪ್ಪಿದ್ದಕ್ಕೆ ಒಂದು ಸ್ವಾರ್ಥದ ಕಾರಣವೂ ಇತ್ತೆನ್ನಬೇಕು: ಬರ ಬಂದಾಗ ಹಳ್ಳಿಯಲ್ಲಿ ಕೆಲಸ ಸಿಕ್ಕರೆ ಜನ ಮುಂಬಯಿಯ ಪಾದಚಾರಿ ದಾರಿಗೆ ಬರುವುದಿಲ್ಲ. ಕಾರಣ ಏನೇ ಇರಲಿ, ನೀರಿನ ಕೆಲಸಕ್ಕೆ ನೀರಿಲ್ಲದವನಿಂದಲೇ ವಂತಿಗೆ ಕೇಳುವ ಪದ್ಧತಿಗಿಂತ ಇದು ಎಷ್ಟೋ ಮೇಲು.

ವೃತ್ತಿ ತೆರಿಗೆಗೆ ಸಂವಿಧಾನದ 276ನೆಯ ಅನುಚ್ಛೇದದ ಮಿತಿ ಇದೆ. ವರ್ಷಕ್ಕೆ 250 ರೂಪಾಯಿ ಇದ್ದ ಗರಿಷ್ಠ ಮಿತಿಯನ್ನು 1988ರ ತಿದ್ದುಪಡಿಯಿಂದ 2,500ಕ್ಕೆ ಏರಿಸಲಾಯಿತು. ಆಮೇಲೆ ನಿಧಿಗೆ ಬರುವ ಹಣದ ಹರಿವು ಹೆಚ್ಚಿತು. ಕರ್ನಾಟಕದಲ್ಲಿಯೂ 1976ರ ಕಾಯಿದೆಯಂತೆ ವೃತ್ತಿ ತೆರಿಗೆ ಇದೆ. ಆದರೆ ಇಲ್ಲಿ ಅದು ರಾಜ್ಯದ ಸಾಮಾನ್ಯ ಆದಾಯದಲ್ಲಿ ಸೇರುತ್ತದೆ.

ಮೀಸಲು ನಿಧಿಯ ಇನ್ನೊಂದು ಅನುಕೂಲ, ಅದರಲ್ಲಿ ಉಳಿದ ಹಣ ಮಾರ್ಚ್ 31ಕ್ಕೆ ಅಳಿಯುವುದಿಲ್ಲ. ಒಂದು ವರ್ಷ ಮಳೆ ಚೆನ್ನಾಗಿ ಆಗಿ ಕೆಲಸ ಕೇಳುವವರು ಕಡಿಮೆಯಾದರೆ, ಉಳಿದದ್ದು ಮುಂದಿನ ಬರಕ್ಕೆ ಇರುತ್ತದೆ. ಕಣಜದ ಜೋಳದಂತೆ. ಆದರೆ ಕಣಜಕ್ಕೂ ಬೀಗವಿದೆ. ನಿಧಿಯಿಂದ ತೆಗೆದು ಖರ್ಚು ಮಾಡಬೇಕಾದರೆ ಆ ವರ್ಷದ ಆಯವ್ಯಯದಲ್ಲಿ ಅವಕಾಶ ಮಾಡಿಕೊಂಡು ಶಾಸನಸಭೆಯ ಒಪ್ಪಿಗೆ ಪಡೆಯಲೇಬೇಕು. ಮುಂದೆ ತೊಡಕಾದದ್ದು ಇಲ್ಲಿಯೇ.

ಜಿನುಗು ಕೆರೆಯ ಕೆಲಸ

ಮಹಾರಾಷ್ಟ್ರದ ಹೆಚ್ಚಿನ ಭಾಗ ಕಪ್ಪು ಬಸಾಲ್ಟ್ ಶಿಲೆಯ ಮೇಲಿದೆ. ವಿಜಾಪುರ, ಬೀದರ್ ಹಾಗೂ ಬೆಳಗಾವಿ, ಕಲಬುರ್ಗಿ ಜಿಲ್ಲೆಗಳ ಹಲವು ಭಾಗಗಳೂ ಇದೇ ಶಿಲೆಯ ಮುಂದುವರಿಕೆ. ಈ ಗಟ್ಟಿ ಕಲ್ಲಿನ ಒಳಗೆ ನೀರಿಗೆ ಜಾಗ ಕಡಿಮೆ. ಮೇಲಿನ ಶಿಥಿಲವಾದ ಪದರದಲ್ಲಿ ಮತ್ತು ಬಿರುಕುಗಳಲ್ಲಿ ಮಾತ್ರ ನೀರು ನಿಲ್ಲುತ್ತದೆ. ಮಳೆಗಾಲದಲ್ಲಿ ಬೇಗ ತುಂಬುವ ಬಾವಿ ಬೇಸಿಗೆಯಲ್ಲಿ ಅಷ್ಟೇ ಬೇಗ ಬತ್ತುವುದು ಇದರಿಂದಲೇ.

ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿ ನೀರನ್ನು ನಿಲ್ಲಿಸಿದರೆ, ಅದು ಮೆಲ್ಲನೆ ಈ ಶಿಥಿಲ ಪದರಕ್ಕೆ ಇಳಿದು ಕೆಳಗಿನ ಬಾವಿಗಳಿಗೆ ಸೇರುತ್ತದೆ. ಇದೇ ಜಿನುಗು ಕೆರೆ. ಇದಕ್ಕೆ ತೂಬು, ಕಾಲುವೆ ಬೇಕಿಲ್ಲ. ಚಳಿಗಾಲ ಮುಗಿಯುವ ಹೊತ್ತಿಗೆ ಈ ಕೆರೆ ಒಣಗಿದ್ದರೆ ಅದು ಒಳ್ಳೆಯ ಲಕ್ಷಣ, ನೀರು ನೆಲದೊಳಗೆ ಹೋಗಿದೆಯೆಂದು ಅರ್ಥ. ಬೇಸಿಗೆಯವರೆಗೆ ನೀರು ತುಂಬಿಕೊಂಡು ಸುಂದರವಾಗಿ ಕಾಣುವ ಜಿನುಗು ಕೆರೆ ಕೆಲಸ ಮಾಡುತ್ತಿಲ್ಲ. ತಳದಲ್ಲಿ ಹೂಳು ಕಟ್ಟಿದೆ, ನೀರು ಆವಿಯಾಗಿ ಹೋಗುತ್ತಿದೆ. ಒಂದು ಹೆಕ್ಟೇರಿನಿಂದ ಹರಿದುಬರುವ ನೀರು ಒಂದು ಸೆಂಟಿಮೀಟರಿನಷ್ಟಾದರೂ ಅದು 1 ಲಕ್ಷ ಲೀಟರು. ಅದನ್ನು ಇಂಗಿಸುವುದೂ ಕಳೆದುಕೊಳ್ಳುವುದೂ ತಳದ ಮೇಲಿನ ಕೆಲವೇ ಅಂಗುಲ ಹೂಳಿನ ಮಾತು.

ಆ ಹೂಳನ್ನು ತೆಗೆಯುವವರು ಯಾರು? ಉದ್ಯೋಗ ಖಾತ್ರಿ ನಿಧಿ ಹೊಸ ಕೆಲಸ ಕೊಡುವುದಕ್ಕೆಂದು ಹುಟ್ಟಿದ ನಿಧಿ. ಕೆಲಸ ಮುಗಿದ ಮೇಲೆ ಕೆರೆಯನ್ನು ಸ್ಥಳೀಯ ಸಂಸ್ಥೆಗೆ ಒಪ್ಪಿಸಲಾಗುತ್ತಿತ್ತು. ಅದರೊಡನೆ ಪಾಲನೆಯ ಹಣ ಒಪ್ಪಿಸುತ್ತಿರಲಿಲ್ಲ. ಮಳೆ ಬಿದ್ದೊಡನೆ ಆಳುಗಳು ಬಿತ್ತನೆಗೆ ಹೋದಾಗ ಅರ್ಧಕ್ಕೇ ನಿಂತ ಕಾಮಗಾರಿಗಳು ಬೇರೆ. ದನಕ್ಕೆ ಹುಲ್ಲು ಕೊಳ್ಳದೆ ದನವನ್ನು ಕೊಂಡವನ ಸ್ಥಿತಿ ಇದು.

ಇನ್ನೊಂದು ಕೊರತೆ ಇನ್ನೂ ಆಳವಾದದ್ದು. ಒಡ್ಡಿಗೆ ಮಣ್ಣು ಹೊತ್ತವರಲ್ಲಿ ಬಹುಮಂದಿ ಭೂಹೀನರು, ಅವರಲ್ಲಿ ಹೆಂಗಸರ ಸಂಖ್ಯೆ ಬಹಳ. ಇಂಗಿದ ನೀರು ಸೇರಿದ್ದು ಬಾವಿಯಿದ್ದವನ ಬಾವಿಗೆ. ಹೊತ್ತವಳಿಗೆ ಕೂಲಿ ಸಿಕ್ಕಿತು, ನೀರು ಸಿಗಲಿಲ್ಲ. ಪುಣೆ ಜಿಲ್ಲೆಯ ಪುರಂದರ ತಾಲ್ಲೂಕಿನ ನಾಯಗಾಂವ್‌ನಲ್ಲಿ ವಿಲಾಸರಾವ್ ಸಾಳುಂಖೆ ಅವರು 1972ರ ಬರದ ನಂತರ ಆರಂಭಿಸಿದ ಪಾಣಿ ಪಂಚಾಯತ್ ಈ ಗಂಟನ್ನು ಬಿಡಿಸಲು ಯತ್ನಿಸಿತು. ಅಲ್ಲಿ ನೀರಿನ ಪಾಲು ಜಮೀನಿನ ಮೇಲಲ್ಲ, ತಲೆಯ ಮೇಲೆ: ಒಬ್ಬರಿಗೆ ಅರ್ಧ ಎಕರೆಗೆ ಸಾಕಾಗುವಷ್ಟು, ಕುಟುಂಬವೊಂದಕ್ಕೆ ಹೆಚ್ಚೆಂದರೆ ಎರಡೂವರೆ ಎಕರೆಗೆ. ಭೂಹೀನರಿಗೂ ಪಾಲುಂಟು. ಕಬ್ಬು ಬೆಳೆಯುವಂತಿಲ್ಲ. ಆದರೆ ಸರ್ಕಾರದ ಕಾಯಿದೆ ಕೂಲಿಯ ಹಕ್ಕನ್ನು ಬರೆಯಿತೇ ಹೊರತು ನೀರಿನ ಹಕ್ಕಿನ ಗೊಡವೆಗೆ ಹೋಗಲಿಲ್ಲ.

ನಿಧಿ ತುಂಬಿತು, ಕೆಲಸ ತಗ್ಗಿತು

1979-80ರಲ್ಲಿ ಈ ಯೋಜನೆಯಡಿ ಸುಮಾರು 20 ಕೋಟಿ ಮಾನವ ದಿನಗಳ ಕೆಲಸ ನಡೆದಿತ್ತು. ಹತ್ತು ವರ್ಷಗಳ ಬಳಿಕ ಅದು ಅರ್ಧಕ್ಕಿಂತ ಕಡಿಮೆಯಾಯಿತು. ಬೇಸಾಯದಲ್ಲಿ ಕೆಲಸ ಹೆಚ್ಚಿದ್ದು ಇದಕ್ಕೆ ಒಂದು ಕಾರಣ. 1988ರಲ್ಲಿ ಯೋಜನೆಯ ಕೂಲಿಯನ್ನು ಕನಿಷ್ಠ ವೇತನಕ್ಕೆ ಸರಿಹೊಂದಿಸಿ ಏರಿಸಿದ ಮೇಲೆ ಹೊಸ ಕಾಮಗಾರಿಗಳನ್ನು ತೆರೆಯಲು ಆಡಳಿತ ಹಿಂಜರಿದದ್ದು ಇನ್ನೊಂದು. ವಿಚಿತ್ರವೆಂದರೆ ಇದೇ ಕಾಲದಲ್ಲಿ ಮುಂಬಯಿಯ ವೃತ್ತಿ ತೆರಿಗೆ ಏರುತ್ತಲೇ ಇತ್ತು. ತೆರಿಗೆ ಕೂಡುತ್ತಿತ್ತು, ಕೆಲಸ ಇಳಿಯುತ್ತಿತ್ತು, ನಿಧಿಯ ಶಿಲ್ಕು ಲೆಕ್ಕದಲ್ಲಿ ಬೆಳೆಯುತ್ತಿತ್ತು. ಲೆಕ್ಕದಲ್ಲಿ ಎನ್ನುವುದಕ್ಕೆ ಕಾರಣವಿದೆ: ಸರ್ಕಾರ ಹಾಕಬೇಕಾದ ಸಮಪಾಲು ಪೂರ್ತಿ ಬರುತ್ತಿಲ್ಲವೆಂದೂ, ಕೂಡಿದ ತೆರಿಗೆ ಅದೇ ಕೆಲಸಕ್ಕೆ ಹೋಗುತ್ತಿಲ್ಲವೆಂದೂ ಲೆಕ್ಕಪರಿಶೋಧಕರು ಆಕ್ಷೇಪಿಸಬೇಕಾಯಿತು.

ಹಣವನ್ನು ಕಾಯಿದೆಯಿಂದ ಕಟ್ಟಿಹಾಕಿದರೂ, ಕೇಳುವವರು ಸಂಘಟಿತರಾಗಿ ಕೇಳದಿದ್ದರೆ ಅದು ಹಳ್ಳಿಗೆ ಇಳಿಯುವುದಿಲ್ಲ. ಕೂಲಿಕಾರರ ಸಂಘಗಳು ಬಲವಾಗಿದ್ದ ತಾಲ್ಲೂಕುಗಳಲ್ಲಿ ಅರ್ಜಿ ಬರೆಸಿ, ರಸೀದಿ ಪಡೆದು, 15 ದಿನ ಎಣಿಸಿ ತಹಸೀಲ್ದಾರರ ಕಚೇರಿಗೆ ಹೋಗುತ್ತಿದ್ದರು. ಅಲ್ಲಿ ಕೆಲಸ ತೆರೆಯಿತು. ರಸೀದಿ ಕೇಳದ ಕಡೆ ಹಾಜರಿ ಪಟ್ಟಿಯಲ್ಲಿ ಇಲ್ಲದವರ ಹೆಸರು ಸೇರಿತು.

1990-91ರಿಂದ ಇದೇ ಯೋಜನೆಗೆ ತೋಟಗಾರಿಕೆಯನ್ನು ಜೋಡಿಸಿದ್ದು ಮಾತ್ರ ಜಾಣತನದ ಕೆಲಸ. ರೈತನ ಸ್ವಂತ ಜಮೀನಿನಲ್ಲಿ ಮಾವು, ಗೋಡಂಬಿ, ದಾಳಿಂಬೆ, ಬೋರೆ, ಸೀತಾಫಲ ಮೊದಲಾದ ಗಿಡ ನೆಡಲು ಸಹಾಯಧನ ಕೊಡಲಾಯಿತು. ಅದನ್ನು ಒಂದೇ ಸಲಕ್ಕೆ ಕೊಡದೆ ಮೂರು ವರ್ಷಕ್ಕೆ ಹಂಚಿ, ನೆಟ್ಟ ಗಿಡಗಳು ಬದುಕಿದ್ದರೆ ಮಾತ್ರ ಮುಂದಿನ ಕಂತು ಎಂದು ನಿಯಮ ಮಾಡಲಾಯಿತು. ಗುಂಡಿ ತೋಡಿದ್ದಕ್ಕೆ ಹಣ ಕೊಡುವುದು ಬೇರೆ, ಗಿಡ ಬದುಕಿದ್ದಕ್ಕೆ ಕೊಡುವುದು ಬೇರೆ. ಕೊಂಕಣದ ಗುಡ್ಡಗಳಲ್ಲೂ ಒಣ ಜಿಲ್ಲೆಗಳಲ್ಲೂ ಹಣ್ಣಿನ ತೋಟ ಹಬ್ಬಿದ್ದರಲ್ಲಿ ಈ ನಿಯಮದ ಪಾಲು ದೊಡ್ಡದು.

ಇದಕ್ಕೆ ಎದುರಾಗಿ ಇತ್ತೀಚಿನ ಒಂದು ಉದಾಹರಣೆ ಹೇಳಬಹುದು. ಮಹಾರಾಷ್ಟ್ರ ಸರ್ಕಾರ 2014ರ ಕೊನೆಯಲ್ಲಿ ಜಲಯುಕ್ತ ಶಿವಾರ್ ಎಂಬ ಅಭಿಯಾನ ಆರಂಭಿಸಿತು. ವರ್ಷಕ್ಕೆ 5,000 ಹಳ್ಳಿಗಳನ್ನು ಬರಮುಕ್ತ ಮಾಡುವುದು ಗುರಿ. ಹಳ್ಳಗಳನ್ನು ಯಂತ್ರದಿಂದ ಅಗಲ, ಆಳ ಮಾಡಲಾಯಿತು. ಸುಮಾರು 9,634 ಕೋಟಿ ರೂಪಾಯಿ ಖರ್ಚಾದರೂ ಅಂತರ್ಜಲ ಏರುವುದರಲ್ಲಿ ಅದರ ಪರಿಣಾಮ ಅಲ್ಪವೆಂದು 2020ರಲ್ಲಿ ಶಾಸನಸಭೆಯ ಮುಂದೆ ಬಂದ ಲೆಕ್ಕಪರಿಶೋಧನಾ ವರದಿ ಹೇಳಿತು. ಕಟ್ಟಿದ್ದನ್ನು ಪಾಲಿಸುವ ಏರ್ಪಾಡು ಸಾಲದೆಂಬ ಮಾತು ಅದರಲ್ಲೂ ಬಂದಿತು. ಅಂಕಿ ದೊಡ್ಡದಿತ್ತು, ಹಳೆಯ ಕೊರತೆ ಹಾಗೆಯೇ ಇತ್ತು.

ಮಹಾರಾಷ್ಟ್ರದ ಕಾಯಿದೆಯೇ 2005ರ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತ್ರಿ ಕಾಯಿದೆಗೆ ಮಾದರಿ. ಅದರಲ್ಲಿ ಅಕುಶಲ ಕೂಲಿಯ ಪೂರ್ತಿ ಭಾರವನ್ನು ಕೇಂದ್ರ ಹೊತ್ತಿತ್ತು. ಕರ್ನಾಟಕದ ಎಷ್ಟೋ ಗೋಕಟ್ಟೆ, ಕೃಷಿ ಹೊಂಡ, ಬದುಗಳಿಗೆ ಹಣ ಬಂದದ್ದು ಅಲ್ಲಿಂದ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಅದರ ಸ್ಥಾನಕ್ಕೆ ಬೇರೆ ಕಾಯಿದೆ ತಂದು, ಹೆಚ್ಚಿನ ರಾಜ್ಯಗಳು ವೆಚ್ಚದ ಶೇ. 40 ಭಾಗ ಹೊರಬೇಕೆಂದು ವಿಧಿಸಿತು. ಹೀಗಾಗಿ ಆ ಪಾಲನ್ನು ಯಾವ ತೆರಿಗೆಯಿಂದ, ಯಾವ ಲೆಕ್ಕಶೀರ್ಷಿಕೆಯಡಿ ಕೂಡಿಸಬೇಕೆಂಬ ಪ್ರಶ್ನೆ ಮತ್ತೆ ರಾಜ್ಯದ ಆಯವ್ಯಯ ಪತ್ರಕ್ಕೇ ಬಂದು ನಿಂತಿದೆ.

ಊರಿನದೇ ಒಂದು ಆಯವ್ಯಯ

ಉದ್ಯೋಗ ಖಾತ್ರಿಯ ಹಣ ಚೆನ್ನಾಗಿ ಬಳಕೆಯಾದ ಊರೊಂದನ್ನು ಹೆಸರಿಸಬೇಕಾದರೆ ಅಹಮದ್‌ನಗರ (2024ರಿಂದ ಅಹಿಲ್ಯಾನಗರ) ಜಿಲ್ಲೆಯ ಹಿವರೆ ಬಾಜಾರ್ ಹೆಸರು ಬರುತ್ತದೆ. ಅಲ್ಲಿ ವರ್ಷದ ಮಳೆ ಸುಮಾರು 400 ಮಿ.ಮೀ. ಮಾತ್ರ. 1990ರ ಸುಮಾರಿಗೆ ಸರಪಂಚರಾದ ಪೋಪಟರಾವ್ ಪವಾರ್ ಅವರ ಮುಂದಾಳತನದಲ್ಲಿ ಊರವರು ಈ ಯೋಜನೆಯ ಹಣದಿಂದ ಗುಡ್ಡದ ಇಳಿಜಾರಿಗೆ ಸಮಪಾತಳಿ ಕಂದಕ ತೋಡಿದರು, ಹಳ್ಳಗಳಿಗೆ ಒಡ್ಡು ಹಾಕಿದರು, ಗಿಡ ನೆಟ್ಟರು. ಇಂಥದೇ ಹಣ ನೂರಾರು ಊರುಗಳಿಗೆ ಹೋಗಿತ್ತು. ಇಲ್ಲಿನವರು ಅದರ ಜೊತೆಗೆ ಕೆಲವು ಕಟ್ಟಳೆಗಳನ್ನೂ ಮಾಡಿಕೊಂಡರು. ಗುಡ್ಡದಲ್ಲಿ ದನ ಬಿಡುವಂತಿಲ್ಲ, ಹುಲ್ಲು ಕೊಯ್ದು ತರಬಹುದು. ಮರ ಕಡಿಯುವಂತಿಲ್ಲ. ಬೇಸಾಯಕ್ಕೆ ಕೊಳವೆ ಬಾವಿ ಕೊರೆಯುವಂತಿಲ್ಲ. ಕಬ್ಬು, ಬಾಳೆ ಬೆಳೆಯುವಂತಿಲ್ಲ.

2004ರಿಂದ ಈಚೆಗೆ ಆ ಊರು ಪ್ರತಿ ವರ್ಷ ನೀರಿನದೇ ಆಯವ್ಯಯ ಪತ್ರವನ್ನು ತಯಾರಿಸುತ್ತ ಬಂದಿದೆ. ಮಳೆಗಾಲ ಮುಗಿದೊಡನೆ ಮಳೆಮಾಪಕದ ಅಂಕಿ ಮತ್ತು ಬಾವಿಗಳ ಮಟ್ಟ ನೋಡಿ, ಊರಿನ ಪಾಲಿಗೆ ಎಷ್ಟು ನೀರು ಬಂದಿದೆಯೆಂದು ಲೆಕ್ಕ ಹಾಕುತ್ತಾರೆ. ಜನ ಮತ್ತು ಜಾನುವಾರುಗಳ ಕುಡಿಯುವ ನೀರನ್ನು ಮೊದಲು ತೆಗೆದಿಡುತ್ತಾರೆ. ಉಳಿದದ್ದು ಬೆಳೆಗೆ. ಯಾವ ಬೆಳೆ ಎಷ್ಟು ಬಿತ್ತಬಹುದೆಂಬುದು ಗ್ರಾಮಸಭೆಯಲ್ಲಿ, ಎಲ್ಲರ ಎದುರಿನಲ್ಲಿ ತೀರ್ಮಾನವಾಗುತ್ತದೆ. ಮಳೆ ಸಾಲದ ವರ್ಷ ಗೋಧಿಯನ್ನು ಬಿಟ್ಟು ಕಡಲೆ, ಜೋಳಕ್ಕೆ ಇಳಿಯುತ್ತಾರೆ.